ಖಾಲಿ ಹೆಸರು ಅಳಿಸಿದ ಫೋಟೋಗಳು

ಅಪ್ಪನ ಅರವತ್ತರ ಶಾಂತಿಗೆ ಒಂದು ಒಳ್ಳೇ ಫೋಟೋ ಆಲ್ಬಮ್ ಮಾಡಿಸೋಣ ಅಂತ ಹೊರಟಿದ್ದು ಅಕ್ಕ. ತೀರ್ಥಹಳ್ಳಿ ಮನೆಯ ಕಬ್ಬಿಣದ ಟ್ರಂಕು, ಚಿಕ್ಕಪ್ಪನ ಮನೆಯ ಬೀರು, ಅತ್ತೆಯ ಹಳೇ ಆಲ್ಬಮ್ಮು, ಎಲ್ಲಾ ಕಡೆಯಿಂದ ಫೋಟೋ ತಂದು ಏಪ್ರಿಲ್–ಮೇ ತಿಂಗಳಲ್ಲಿ ಸ್ಕ್ಯಾನ್ ಮಾಡಿದೆವು. ಹುಬ್ಬಳ್ಳಿಯಲ್ಲಿ ಅಕ್ಕ 180, ಬೆಂಗಳೂರಿನಲ್ಲಿ ನಾನು 232. ಒಟ್ಟು 412. ಕೆಲಸ ಮುಗಿದ ಮೇಲೆ ಯಾರ ಫೋಟೋ ಅವರಿಗೆ ವಾಪಸ್ ಕೊಟ್ಟಾಯ್ತು.

ಆಗಸ್ಟ್‌ನಲ್ಲಿ ಒಂದು ಶನಿವಾರ ರಾತ್ರಿ ನಾನು ಟರ್ಮಿನಲ್‌ನಲ್ಲಿ ‘ಮೇಕ್ ಕ್ಲೀನ್’ ಅಂತ ಹೇಳಿ ಎಂಟರ್ ಒತ್ತಿದೆ. ಕೆಲವೇ ಸೆಕೆಂಡಿನಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಅಷ್ಟೂ ಸ್ಕ್ಯಾನ್ ಹೋದವು. ಟ್ರ್ಯಾಶ್‌ನಲ್ಲೂ ಇಲ್ಲ, ಎಲ್ಲೂ ಇಲ್ಲ.

ತಮಾಷೆ ಅಂದ್ರೆ, ಆ ಕಮಾಂಡ್ ಓಡಿದ್ದು ಡಾಕರ್ ಕಂಟೈನರ್ ಒಳಗೆ. ‘ಕಂಟೈನರ್ ಒಳಗೆ ಏನೇ ಆದ್ರೂ ಹೊರಗೆ ಏನೂ ಆಗಲ್ಲ’ ಅಂತ ಆಫೀಸಿನಲ್ಲಿ ಹೊಸಬರಿಗೆ ಪಾಠ ಹೇಳ್ತಿದ್ದವನು ನಾನೇ. ಈ ಸಲದ ಅಂಕಣ ಆ ನಂಬಿಕೆ ಎಲ್ಲಿವರೆಗೆ ನಿಜ, ಎಲ್ಲಿಂದ ಸುಳ್ಳು ಅನ್ನೋದರ ಬಗ್ಗೆ.

ದೋಸೆ ಹಿಟ್ಟಿನ ಲೆಕ್ಕ

ಮೊದಲು ಮೇಕ್ ಬಗ್ಗೆ ಎರಡು ಮಾತು. ದೋಸೆಗೆ ಹಿಟ್ಟು ಬೇಕು, ಹಿಟ್ಟಿಗೆ ನೆನೆಸಿದ ಅಕ್ಕಿ–ಉದ್ದು ಬೇಕು. ಫ್ರಿಜ್ಜಿನಲ್ಲಿ ಹಿಟ್ಟು ರೆಡಿ ಇದ್ದಾಗ ಯಾರೂ ಮತ್ತೆ ಅಕ್ಕಿ ನೆನೆಹಾಕಲ್ಲ, ನೇರ ಕಾವಲಿ ಇಡ್ತಾರೆ. ಮೇಕ್ ಮಾಡೋದೂ ಇಷ್ಟೇ. ಯಾವುದಕ್ಕೆ ಯಾವುದು ಬೇಕು, ಹೇಗೆ ಮಾಡಬೇಕು ಅಂತ ‘ಮೇಕ್‌ಫೈಲ್’ ಅನ್ನೋ ಕಡತದಲ್ಲಿ ಬರೆದಿಡಬೇಕು. ಅದು ಫೈಲುಗಳ ಸಮಯ ನೋಡುತ್ತೆ. ಮಾಡಿಟ್ಟ ಫೈಲಿಗಿಂತ ಅದರ ಮೂಲ ಫೈಲು ಹೊಸದಾಗಿದ್ರೆ ಮಾತ್ರ ಆ ಕೆಲಸ ಮತ್ತೆ ಮಾಡುತ್ತೆ. ಉಳಿದದ್ದನ್ನು ಮುಟ್ಟಲ್ಲ.

ಇದನ್ನು ಬರೆದವರು ಬೆಲ್ ಲ್ಯಾಬ್ಸ್‌ನ ಸ್ಟೂವರ್ಟ್ ಫೆಲ್ಡ್‌ಮನ್, 1976ರಲ್ಲಿ. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಬೆಳಿಗ್ಗೆಯೆಲ್ಲಾ ಕೂತು ಪ್ರೋಗ್ರಾಮ್‌ನಲ್ಲಿ ತಪ್ಪು ಹುಡುಕಿದ್ದರಂತೆ. ಕೊನೆಗೆ ನೋಡಿದ್ರೆ ಪ್ರೋಗ್ರಾಮ್ ಸರಿಯಾಗೇ ಇತ್ತು; ತಪ್ಪನ್ನು ಆಗಲೇ ತಿದ್ದಿಯೂ ಆಗಿತ್ತು. ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡೋದು ಮರೆತಿದ್ದರು, ಅಷ್ಟೇ. ಇಂಥ ಮರೆವಿಗೆ ಮದ್ದಾಗಿ ಹುಟ್ಟಿದ್ದು ಮೇಕ್. 2003ರಲ್ಲಿ ಫೆಲ್ಡ್‌ಮನ್‌ಗೆ ಇದಕ್ಕಾಗಿ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂತು.

ನನ್ನ ಕೆಲಸಕ್ಕೆ ಇದು ಹೇಳಿ ಮಾಡಿಸಿದ ಹಾಗಿತ್ತು. ‘ಮೂಲ’ ಅನ್ನೋ ಫೋಲ್ಡರಿನಲ್ಲಿ ದೊಡ್ಡ ಟಿಫ್ ಫೈಲುಗಳು. ಪ್ರತಿಯೊಂದನ್ನೂ ಇಮೇಜ್‌ಮ್ಯಾಜಿಕ್ ಅನ್ನೋ ಟೂಲ್‌ಗೆ ಕೊಟ್ಟು, ಅಳತೆ ಸರಿಮಾಡಿ, ಬಿಳಿ ಅಂಚು ಹಾಕಿ, ‘ಸಿದ್ಧ’ ಅನ್ನೋ ಫೋಲ್ಡರಿಗೆ ಜೆಪೆಗ್ ಆಗಿ ಹಾಕಬೇಕು. ಒಂದು ಫೋಟೋ ಮತ್ತೆ ಸ್ಕ್ಯಾನ್ ಮಾಡಿದ್ರೆ ಅದೊಂದೇ ಮತ್ತೆ ಆಗುತ್ತೆ. ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ನಡೀತು.

‘ನನ್ನ ಮೆಷಿನ್‌ನಲ್ಲಿ ಬರ್ತಿಲ್ಲ ಕಣೋ’

ಅಕ್ಕನೂ ಐಟಿಯವಳೇ, ಹುಬ್ಬಳ್ಳಿ ಮನೆಯಿಂದಲೇ ಕೆಲಸ. ಅವಳದ್ದು ಮ್ಯಾಕ್. ಅವಳ ಫೋಟೋಗಳ ಪ್ರತಿ ನನಗೆ ಪೆನ್‌ಡ್ರೈವ್‌ನಲ್ಲಿ ಬಂದಿತ್ತು. ನನ್ನ ಮೇಕ್‌ಫೈಲ್ ಮೇಲ್‌ನಲ್ಲಿ ಅವಳಿಗೆ ಹೋಯ್ತು. ಹತ್ತು ನಿಮಿಷಕ್ಕೆ ಫೋನು: “ಇದು ನನ್ನ ಮೆಷಿನ್‌ನಲ್ಲಿ ಬರ್ತಿಲ್ಲ ಕಣೋ.”

ಕಾರಣ ಎರಡು. ಮ್ಯಾಕ್ ಜೊತೆ ಆಪಲ್ ಕೊಡೋ ಮೇಕ್ 3.81, ಅದು 2006ರಲ್ಲಿ ಬಿಡುಗಡೆಯಾದದ್ದು. ನಾನು ಬಳಸಿದ್ದ ಕೆಲವು ಸೌಕರ್ಯ ಅದರಲ್ಲಿಲ್ಲ. ಇನ್ನೊಂದು, ನನ್ನ ಹತ್ರ ಇದ್ದದ್ದು ಇಮೇಜ್‌ಮ್ಯಾಜಿಕ್ 6, ಅಲ್ಲಿ ಕಮಾಂಡ್ ಹೆಸರು ‘ಕನ್ವರ್ಟ್’. ಅವಳ ಹತ್ರ 7, ಅಲ್ಲಿ ‘ಮ್ಯಾಜಿಕ್’. ಅಡುಗೆ ಪುಸ್ತಕ ಒಂದೇ, ಅಡುಗೆಮನೆ ಬೇರೆ.

ಈ ತೊಂದರೆಗೇ ಕಂಟೈನರ್ ಇರೋದು. ಮೇಕ್, ಇಮೇಜ್‌ಮ್ಯಾಜಿಕ್, ಅವಕ್ಕೆ ಬೇಕಾದ ಲೈಬ್ರರಿ ಎಲ್ಲಾ ಒಂದು ಇಮೇಜ್‌ನಲ್ಲಿ ಕಟ್ಟಿಟ್ರೆ, ಅವಳ ಮ್ಯಾಕ್‌ನಲ್ಲೂ ನನ್ನ ಉಬುಂಟುವಿನಲ್ಲೂ ಒಳಗಿರೋ ಅಡುಗೆಮನೆ ಒಂದೇ. 2013ರ ಮಾರ್ಚ್‌ನಲ್ಲಿ ಅಮೆರಿಕದ ಸಾಂಟಾ ಕ್ಲಾರಾದ ಪೈಕಾನ್ ಸಮ್ಮೇಳನದಲ್ಲಿ ಸಾಲೊಮನ್ ಹೈಕ್ಸ್ ಐದು ನಿಮಿಷದ ಮಾತಿನಲ್ಲಿ ಡಾಕರ್ ತೋರಿಸಿದಾಗ ಜನ ಎದ್ದು ಕೂತದ್ದು ಇದಕ್ಕೇ.

ಕಂಟೈನರ್ ಅಂದ್ರೆ ಬೇರೆ ಕಂಪ್ಯೂಟರ್ ಅಲ್ಲ. ನಮ್ಮ ಹಳೇ ಬೆಂಗಳೂರಿನ ವಠಾರ ನೆನಪು ಮಾಡ್ಕೊಳ್ಳಿ. ಪ್ರತಿ ಮನೆಗೂ ಅದರದ್ದೇ ಬಾಗಿಲು, ಅದರದ್ದೇ ಒಲೆ, ಆದರೆ ಬಾವಿ ಎಲ್ಲರಿಗೂ ಒಂದೇ. ಆ ಬಾವಿ ಅಂದ್ರೆ ಲಿನಕ್ಸ್ ಕರ್ನೆಲ್. ಒಬ್ಬರ ಮನೆ ಇನ್ನೊಬ್ಬರಿಗೆ ಕಾಣದ ಹಾಗೆ ಗೋಡೆ ಕಟ್ಟೋದು ನೇಮ್‌ಸ್ಪೇಸ್ ಅನ್ನೋ ವ್ಯವಸ್ಥೆ. ಯಾರಿಗೆಷ್ಟು ನೀರು ಅಂತ ಅಳೆಯೋದು ಸಿಗ್ರೂಪ್. ವರ್ಚುವಲ್ ಮೆಷಿನ್ ಆದ್ರೆ ಬಾವಿ ಸಮೇತ ಬೇರೆ ಮನೆ.

ಹಾಗಾದ್ರೆ ಹೊರಗಿರೋ ಫೋಟೋ ಒಳಗಿನ ಮೇಕ್‌ಗೆ ಸಿಗೋದು ಹೇಗೆ? ಗೋಡೆಯಲ್ಲಿ ಒಂದು ಬಾಗಿಲು ಕೊರೀಬೇಕು. ಡಾಕರ್ ಭಾಷೆಯಲ್ಲಿ ಅದು ಬೈಂಡ್ ಮೌಂಟ್. ‘ನನ್ನ ಲ್ಯಾಪ್‌ಟಾಪಿನ ಈ ಫೋಲ್ಡರು ಕಂಟೈನರ್ ಒಳಗೆ ಈ ಹೆಸರಲ್ಲಿ ಕಾಣಲಿ’ ಅಂತ ಹೇಳೋದು. ಅದು ಪ್ರತಿ ಅಲ್ಲ, ಅದೇ ಫೋಲ್ಡರು. ನಾನು ಇಡೀ ಆಲ್ಬಮ್ ಫೋಲ್ಡರನ್ನೇ, ಮೂಲ–ಸಿದ್ಧ ಎರಡೂ ಸೇರಿಸಿ, ಕಂಟೈನರ್‌ನ ರೂಟಿನಲ್ಲಿ ‘ಆಲ್ಬಮ್’ ಅನ್ನೋ ಹೆಸರಿಗೆ ಜೋಡಿಸಿದೆ. ಕೊರೆದಿದ್ದು ದೊಡ್ಡ ಬಾಗಿಲು. ಚಿಲಕ ಇಡಲಿಲ್ಲ.

ಆ ರಾತ್ರಿ

ಆಲ್ಬಮ್ ಪ್ರಿಂಟ್ ಮಾಡೋರು ಅಂಚು ಸ್ವಲ್ಪ ಅಗಲ ಬೇಕು ಅಂದಿದ್ದರು. ಮೇಕ್‌ಫೈಲ್‌ನಲ್ಲಿ ಸಂಖ್ಯೆ ಬದಲಿಸಿ, ಮೊದಲ ಸಲ ಕಂಟೈನರ್ ಒಳಗೆ ಮೇಕ್ ಓಡಿಸಿದೆ. ಇಪ್ಪತ್ತು ನಿಮಿಷ 412 ಫೋಟೋಗಳ ಹೆಸರು ಸಾಲಾಗಿ ಹರಿದು ಹೋದವು. ಒಂದು ಎರರ್ ಇಲ್ಲ. ಸಿದ್ಧ ಫೋಲ್ಡರ್ ತೆಗೆದು ನೋಡಿದ್ರೆ ಹಳೇ ಫೋಟೋಗಳೇ, ಹಳೇ ಅಂಚೇ.

ಇಲ್ಲಿ ನಾನು ನಿಲ್ಲಬೇಕಿತ್ತು. ಮೇಕ್ ನೋಡೋದು ಫೈಲಿನ ಸಮಯ ಮಾತ್ರ. ನಾನು ಬದಲಿಸಿದ್ದು ಫೋಟೋ ಅಲ್ಲ, ಮಾಡೋ ವಿಧಾನ. ಸಿದ್ಧ ಫೋಲ್ಡರಿನಲ್ಲಿ ಫೋಟೋ ಇರುವಾಗ ಅದು ಯಾವುದನ್ನೂ ಮತ್ತೆ ಮಾಡಬಾರದಿತ್ತು. ಆದ್ರೆ 412ನ್ನೂ ಮಾಡಿತು. ಅಂದ್ರೆ ಅದರ ಕಣ್ಣಿಗೆ ಸಿದ್ಧ ಫೋಲ್ಡರೇ ಬಿದ್ದಿರಲಿಲ್ಲ. ಸುಳಿವು ಎದುರಿಗೇ ಇತ್ತು. ರಾತ್ರಿ ಹನ್ನೊಂದೂವರೆ, ನಿದ್ದೆಗಣ್ಣು. ‘ಹಳೇದು ಅಂಟ್ಕೊಂಡಿದೆ, ಕ್ಲೀನ್ ಮಾಡಿ ಮತ್ತೆ ಓಡಿಸೋಣ’ ಅಂದ್ಕೊಂಡೆ. ನಾವೆಲ್ಲ ಮಾಡೋದೇ ಅದು.

ಕ್ಲೀನ್ ಅನ್ನೋ ಹೆಸರಿನ ಕೆಳಗೆ ನಾನು ಬರೆದಿದ್ದ ಸಾಲು ಇದು:

ಆರ್‌ಎಂ -ಆರ್‌ಎಫ್ $(ಔಟ್)/*

ಔಟ್ ಅನ್ನೋ ಫೋಲ್ಡರಿನ ಒಳಗಿರೋದನ್ನೆಲ್ಲಾ, ಕೇಳದೆ, ಅಳಿಸು ಅಂತ ಅರ್ಥ. ಔಟ್ ಯಾವ ಫೋಲ್ಡರು ಅನ್ನೋದನ್ನು ಮೇಕ್‌ಫೈಲ್‌ನಲ್ಲಿ ಬರೆದಿರಲಿಲ್ಲ. ಅಕ್ಕ ಬೇರೆ ಕಡೆ ಇಡಬಹುದು ಅಂತ, ನನ್ನ ಲ್ಯಾಪ್‌ಟಾಪಿನ ಎನ್ವಿರಾನ್‌ಮೆಂಟ್ ವೇರಿಯೇಬಲ್ ಆಗಿ ಬ್ಯಾಶ್ ಸೆಟ್ಟಿಂಗ್‌ನಲ್ಲಿ ಇಟ್ಟಿದ್ದೆ. ಮೇಕ್ ಅದನ್ನು ತಾನಾಗೇ ಓದಿಕೊಳ್ಳುತ್ತಿತ್ತು.

ಆದ್ರೆ ಕಂಟೈನರ್ ಒಳಗೆ ಹೋಗುವಾಗ ಡಾಕರ್ ಹೊರಗಿನ ವೇರಿಯೇಬಲ್‌ಗಳನ್ನು ಜೊತೆಗೆ ಕಳಿಸಲ್ಲ. ಬೇಕಾದ್ರೆ ಹೆಸರು ಹಿಡಿದು ಕೊಡಬೇಕು. ನಾನು ಕೊಟ್ಟಿರಲಿಲ್ಲ. ಗೊತ್ತಿಲ್ಲದ ವೇರಿಯೇಬಲ್ ಕಂಡ್ರೆ ಮೇಕ್ ಜಗಳ ಆಡಲ್ಲ, ಖಾಲಿ ಅಂತ ಓದಿಕೊಂಡು ಮುಂದೆ ಹೋಗುತ್ತೆ. ಹೆಸರು ಖಾಲಿಯಾದ ಮೇಲೆ ಉಳಿದ ಸಾಲು ಹೀಗೆ:

ಆರ್‌ಎಂ -ಆರ್‌ಎಫ್ /*

ರೂಟಿನಲ್ಲಿ ಇರೋದನ್ನೆಲ್ಲಾ ಅಳಿಸು.

ಮೊದಲ ಓಟದಲ್ಲಿ ಮಾಡಿದ 412 ಫೋಟೋ ಎಲ್ಲಿ ಹೋದವು ಅನ್ನೋದೂ ಈಗ ಗೊತ್ತಾಯ್ತಲ್ಲ? ಅವು ಕಂಟೈನರ್‌ನ ರೂಟಿಗೆ ಬಿದ್ದಿದ್ದವು. ಕೆಲಸ ಮುಗಿದ ಕೂಡಲೇ ಕಂಟೈನರ್ ಅಳಿಸು ಅನ್ನೋ ಆಯ್ಕೆ ಹಾಕಿದ್ದರಿಂದ ಅದರ ಜೊತೆಗೇ ಮಾಯ.

ಆರ್‌ಎಂಗೆ ಒಂದು ಕಾವಲು ಇದೆ. ಬರೀ ಸ್ಲ್ಯಾಶ್ ಕೊಟ್ಟು ರೂಟನ್ನೇ ಅಳಿಸು ಅಂದ್ರೆ ಜಿಎನ್‌ಯು ಆರ್‌ಎಂ ಒಪ್ಪಲ್ಲ. ಆದ್ರೆ ಪಕ್ಕದಲ್ಲಿ ಸ್ಟಾರ್ ಇದ್ರೆ, ಶೆಲ್ ಅದನ್ನು ಮೊದಲೇ ಬಿಡಿಸಿ ಒಂದೊಂದೇ ಫೋಲ್ಡರಿನ ಹೆಸರಾಗಿ ಕೊಡುತ್ತೆ. ಆರ್‌ಎಂಗೆ ಅಲ್ಲಿ ರೂಟ್ ಕಾಣೋದೇ ಇಲ್ಲ. ಶೆಲ್ ಹೆಸರು ಬಿಡಿಸೋದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಬಿನ್, ಬೂಟ್, ಇಟಿಸಿ, ಹೋಮ್ ಎಲ್ಲಕ್ಕಿಂತ ಮೊದಲು ಬಂದಿದ್ದು ‘ಆಲ್ಬಮ್’.

ಸ್ಕ್ರೀನಿನಲ್ಲಿ ಕಂಡ ಮೊದಲ ಎರರ್: ‘ಆಲ್ಬಮ್ ಅಳಿಸಲು ಆಗುತ್ತಿಲ್ಲ, ಬ್ಯುಸಿ’. ಕ್ಷಣಕಾಲ ಸಮಾಧಾನ ಆಯ್ತು, ಅಳಿಸೋಕೆ ಆಗಿಲ್ವಲ್ಲ ಅಂತ. ಆಮೇಲೆ ಎದೆ ಧಸಕ್ಕೆಂದಿತು. ಅದಕ್ಕೆ ತೆಗೆಯೋಕೆ ಆಗದೇ ಇದ್ದದ್ದು ಬಾಗಿಲಿನ ಚೌಕಟ್ಟನ್ನು ಮಾತ್ರ. ಮನೆ ಒಳಗಿನದ್ದೆಲ್ಲಾ ಆಗಲೇ ಖಾಲಿ. ನಾನು ಕಂಟ್ರೋಲ್–ಸಿ ಒತ್ತುವಷ್ಟರಲ್ಲಿ ಕಂಟೈನರ್ ತನ್ನ ಹೊಟ್ಟೆಯನ್ನೇ ತಾನು ತಿನ್ನೋಕೆ ಶುರು ಮಾಡಿತ್ತು.

ಮತ್ತೆ ಹುಡುಕಿದ್ದು

ಅಕ್ಕನ 180 ಅವಳ ಮ್ಯಾಕ್‌ನಲ್ಲಿ ಇದ್ದವು. ನನ್ನ 232ಕ್ಕೆ ಬೇರೆ ಪ್ರತಿ ಇರಲಿಲ್ಲ. ಟಿಫ್ ಫೈಲು ತುಂಬಾ ದೊಡ್ಡದು, ಎಲ್ಲಾ ಮುಗಿದ ಮೇಲೆ ಒಂದೇ ಸಲ ಹಾರ್ಡ್ ಡಿಸ್ಕಿಗೆ ಹಾಕೋಣ ಅಂದ್ಕೊಂಡಿದ್ದೆ.

ಎರಡು ವಾರಾಂತ್ಯ ಊರಿಗೆ ಹೋಗಿ ಮತ್ತೆ ಎಲ್ಲರ ಮನೆ ಬಾಗಿಲು ತಟ್ಟಿದೆ. “ಆವಾಗ್ಲೇ ಒಯ್ದಿದ್ಯಲ್ಲೋ?” ಅಂತ ಚಿಕ್ಕಮ್ಮ ಕೇಳಿದ್ರೆ ಏನು ಹೇಳೋದು? “ಸರಿಯಾಗಿ ಬಂದಿರಲಿಲ್ಲ” ಅಂದೆ. 221 ಮತ್ತೆ ಸಿಕ್ಕವು. ಅತ್ತೆ ಮನೆಯ ಹನ್ನೊಂದು ಸಿಗಲಿಲ್ಲ. ಜುಲೈ ಮಳೆಗೆ ಅವರ ಮನೆ ಹಿಂದಿನ ಕೋಣೆ ಸೋರಿ, ಆಲ್ಬಮ್ ಒದ್ದೆಯಾಗಿ, ಫೋಟೋಗಳು ಒಂದಕ್ಕೊಂದು ಅಂಟಿ ಹೋಗಿದ್ದವು. “ನಿನ್ ಹತ್ರ ಇದೆಯಲ್ಲ ಅಂತ ಸುಮ್ನಾದೆ” ಅಂದರು ಅತ್ತೆ.

ಆ ಹನ್ನೊಂದರಲ್ಲಿ ಎಂಟನ್ನು ನಾನು ಸ್ಕ್ಯಾನ್ ಮಾಡಿದ ದಿನವೇ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದೆ. ಕುಗ್ಗಿದ ಪ್ರತಿ, ಆದ್ರೂ ಸಿಕ್ಕಿತು. ಮೂರು ಹೋದವು.

ಈಗ ಹೇಗೆ ಮಾಡ್ತೀನಿ

ಕಂಟೈನರ್ ಬಿಟ್ಟಿಲ್ಲ, ಮೇಕ್ ಕೂಡ ಬಿಟ್ಟಿಲ್ಲ. ಅವು ಹೇಳಿದ್ದನ್ನೇ ಮಾಡಿದವು. ಬದಲಿಸಿದ್ದು ಬಾಗಿಲುಗಳನ್ನು. ನಿಮ್ಮಲ್ಲಿ ಯಾರಾದ್ರೂ ಬಿಲ್ಡ್, ಬ್ಯಾಕಪ್, ರಿಪೋರ್ಟ್ ಏನೇ ಆಗಲಿ ಕಂಟೈನರ್ ಒಳಗೆ ಓಡಿಸ್ತಿದ್ರೆ ನಾಳೆ ಬೆಳಿಗ್ಗೆ ಇಷ್ಟು ನೋಡಿ.

ಒಂದು, ಮೂಲ ಮತ್ತು ಸಿದ್ಧ ಎರಡನ್ನೂ ಬೇರೆ ಬೇರೆ ಮೌಂಟ್ ಮಾಡಿ. ಮೂಲದ ಮೌಂಟ್ ಸಾಲಿನ ಕೊನೆಗೆ ಕೋಲನ್ ಹಾಕಿ ‘ಆರ್‌ಓ’ ಅಂತ ಸೇರಿಸಿ. ರೀಡ್ ಓನ್ಲಿ. ಅದು ಬಾಗಿಲಲ್ಲ, ಸರಳಿನ ಕಿಟಕಿ. ಒಳಗಿರೋರು ನೋಡಬಹುದು, ಕೈ ಹಾಕಿ ಎಳೆಯೋಕಾಗಲ್ಲ. ಆ ರಾತ್ರಿ ಈ ಎರಡಕ್ಷರ ಇದ್ದಿದ್ರೆ ಅದೇ ತಪ್ಪು ಕಮಾಂಡ್ ಓಡಿದ್ರೂ ಒಂದು ಫೋಟೋ ಹೋಗ್ತಿರಲಿಲ್ಲ.

ಎರಡು, ಖಾಲಿ ಹೆಸರನ್ನು ಸಹಿಸಬೇಡಿ. ಫೋಲ್ಡರ್ ಹೆಸರು ಮೇಕ್‌ಫೈಲ್‌ನಲ್ಲೇ ಇರಲಿ. ಹೊರಗಿನಿಂದ ಬರಲೇಬೇಕಾದ್ರೆ, ಬರದಿದ್ರೆ ಅಲ್ಲೇ ನಿಲ್ಲೋ ಹಾಗೆ ಶುರುವಿನಲ್ಲೇ ಪರೀಕ್ಷೆ ಬರೆಯಿರಿ. ಮೇಕ್‌ನಲ್ಲಿ ಅದಕ್ಕೆ ‘ಎರರ್’ ಅನ್ನೋ ಫಂಕ್ಷನ್ನೇ ಇದೆ. ಶೆಲ್ ಸ್ಕ್ರಿಪ್ಟ್ ಆದ್ರೆ ವೇರಿಯೇಬಲ್ ಹೆಸರಿನ ಮುಂದೆ ಬ್ರೇಸ್ ಒಳಗೇ ಕೋಲನ್ ಮತ್ತು ಪ್ರಶ್ನೆ ಚಿಹ್ನೆ ಹಾಕಿದ್ರೆ ಸಾಕು, ಖಾಲಿ ಇದ್ರೆ ಮುಂದೆ ಹೋಗಲ್ಲ. ಅಳಿಸೋ ಸಾಲಿನಲ್ಲಂತೂ ವೇರಿಯೇಬಲ್ ಪಕ್ಕ ಸ್ಲ್ಯಾಶ್ ಸ್ಟಾರ್ ಕಂಡ್ರೆ ಅಲ್ಲೇ ಕೈ ತಡೀರಿ.

ಮೂರು, ‘ಮೇಕ್ -ಎನ್’. ಏನೇನು ಮಾಡ್ತೀನಿ ಅಂತ ಮೇಕ್ ಬರೀ ಬರೆದು ತೋರಿಸುತ್ತೆ, ಮಾಡಲ್ಲ. ಅದನ್ನೂ ಕಂಟೈನರ್ ಒಳಗೇ ಓಡಿಸಬೇಕು, ಹೊರಗೆ ಓಡಿಸಿ ನೋಡಿದ್ರೆ ಹೊರಗಿನ ವೇರಿಯೇಬಲ್ ಸಿಕ್ಕಿ ಎಲ್ಲಾ ಚೆನ್ನಾಗೇ ಕಾಣುತ್ತೆ.

ನಾಲ್ಕು, ಕಂಟೈನರನ್ನು ನಿಮ್ಮದೇ ಯೂಸರ್ ಐಡಿಯಲ್ಲಿ ಓಡಿಸಿ. ಇಲ್ಲದಿದ್ರೆ ಸಾಮಾನ್ಯವಾಗಿ ಅದು ರೂಟ್ ಆಗಿ ಓಡುತ್ತೆ, ಲಿನಕ್ಸ್‌ನಲ್ಲಿ ಅದು ಮಾಡಿಟ್ಟ ಫೈಲುಗಳೂ ರೂಟಿನ ಹೆಸರಲ್ಲಿ ಬಂದು, ಅಳಿಸೋಕೆ ನಿಮಗೇ ಸುಡೊ ಬೇಕಾಗುತ್ತೆ. ಆದ್ರೆ ಇದನ್ನೇ ರಕ್ಷಣೆ ಅಂದ್ಕೋಬೇಡಿ. ನನ್ನ ಫೋಟೋಗಳ ಒಡೆಯ ನಾನೇ ತಾನೆ? ನನ್ನ ಐಡಿಯಲ್ಲಿ ಓಡಿಸಿದ್ರೂ ಅವು ಹೋಗ್ತಿದ್ದವು.

ಐದು, ಇಮೇಜ್ ಹೆಸರಿನ ಮುಂದೆ ‘ಲೇಟೆಸ್ಟ್’ ಬಿಟ್ಟು ಆವೃತ್ತಿ ಸಂಖ್ಯೆ ಬರೆಯಿರಿ. ಎಲ್ಲರ ಅಡುಗೆಮನೆ ಒಂದೇ ಇರಲಿ ಅಂತ ತಾನೆ ಕಂಟೈನರ್ ತಂದಿದ್ದು? ಲೇಟೆಸ್ಟ್ ಅಂದ್ರೆ ಇವತ್ತಿನದ್ದು ಒಂದು, ಮುಂದಿನ ತಿಂಗಳದ್ದು ಇನ್ನೊಂದು.

ಬ್ಯಾಕಪ್ ಬಗ್ಗೆ ನಾನು ಹೇಳೋದೇನೂ ಉಳಿದಿಲ್ಲ. ನಿಮಗೂ ಗೊತ್ತು. ನನಗೂ ಗೊತ್ತಿತ್ತು.

ಗೋಡೆ ನಮ್ಮನ್ನು ಕಾಯುತ್ತೆ ನಿಜ. ಆದ್ರೆ ಅದರಲ್ಲಿ ಎಷ್ಟು ದೊಡ್ಡ ಬಾಗಿಲು ಕೊರೆದಿದ್ದೀವಿ ಅನ್ನೋದನ್ನು ಗೋಡೆ ಲೆಕ್ಕ ಇಡಲ್ಲ. ಕೈಯಲ್ಲಿ ಒಂದೊಂದೇ ಫೋಟೋ ಅಳಿಸೋಕೆ ಹೊರಟಿದ್ರೆ ಎರಡನೆಯದಕ್ಕೇ ನಾನು ನಿಲ್ಲಿಸ್ತಿದ್ದೆ. ಆಟೊಮೇಷನ್‌ಗೆ ಆ ಅನುಮಾನ ಬರಲ್ಲ. ಅದನ್ನು ನಾವೇ ಮೊದಲೇ ಬರೆದಿಡಬೇಕು.

ಆಲ್ಬಮ್ ಬಂತು. 409 ಫೋಟೋ. ಶಾಂತಿಯ ದಿನ ಸಂಜೆ, ನೆಂಟರೆಲ್ಲಾ ಹೋದ ಮೇಲೆ ಅಪ್ಪ ಕನ್ನಡಕ ಹಾಕ್ಕೊಂಡು ಪುಟ ತಿರುವುತ್ತಾ ಒಂದು ಕಡೆ ನಿಂತರು. ಅಜ್ಜಿ ಹಿತ್ತಲಲ್ಲಿ ನಿಂತಿರೋದು, ಪಕ್ಕದಲ್ಲಿ ಚಡ್ಡಿ ಹಾಕಿದ ಅಪ್ಪ. ವಾಟ್ಸ್ಆ್ಯಪ್‌ನಿಂದ ತೆಗೆದದ್ದು. ದೊಡ್ಡದು ಮಾಡಿದ್ರೆ ಒಡೆಯುತ್ತೆ ಅಂತ ಪುಟದ ಮೂಲೆಯಲ್ಲಿ ಚಿಕ್ಕದಾಗಿ ಹಾಕಿಸಿದ್ದೆವು.

“ಇದ್ಯಾಕೋ ಇಷ್ಟು ಚಿಕ್ಕದು? ಅಮ್ಮಂದು ಚೆನ್ನಾಗಿ ಬಂದಿರೋದು ಇದೊಂದೇ.”

ಹೇಳಿದೆ. ಎಲ್ಲಾ ಹೇಳಿದೆ. ಅಪ್ಪ ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವು ಹಳೇ ಲೆಡ್ಜರ್ ಯಾರಿಗಾದ್ರೂ ತೋರಿಸ್ಬೇಕಾದ್ರೆ ಪೆನ್ನು ಈಚೆ ಇಡಿಸ್ಕೊಳ್ತಿದ್ವಿ” ಅಂದರು. ಆಮೇಲೆ ಕೇಳಿದರು: “ಹೋದ ಮೂರು ಯಾವುವು?”

ಅಕ್ಕ ನನ್ನ ಮುಖ ನೋಡಿದಳು. ನಾನು ನನ್ನ ಪಟ್ಟಿ ತೆಗೆದೆ. 187, 188, 203. ನಂಬರ್ ಇತ್ತು. ಅದರಲ್ಲಿ ಯಾರಿದ್ದರು ಅಂತ ನನಗೆ ನೆನಪಿರಲಿಲ್ಲ.